ಸ್ವಿಟ್ಜರ್‌ಲೆಂಡ್ ಸುತ್ತುವ ಕ್ರಮ: ಊರು, ಸರೋವರ, ಬೆಟ್ಟ, ಯಾವುದು ಮೊದಲು, ಯಾವುದು ಕೊನೆಗೆ

ಸ್ವಿಟ್ಜರ್‌ಲೆಂಡ್‌ಗೆ ಹೋಗಿ ಬಂದವರು ಹೇಳುವ ದೂರು ಹೆಚ್ಚುಕಡಿಮೆ ಒಂದೇ. "ಅಷ್ಟು ದುಡ್ಡು ಕೊಟ್ಟು ಯುಂಗ್‌ಫ್ರೌಗೆ ಹೋದ್ವಿ, ಮೋಡ ಬಿಟ್ರೆ ಏನೂ ಕಾಣ್ಲಿಲ್ಲ." ಮರುದಿನ ಚೆನ್ನಾಗಿ ಬಿಸಿಲು ಬಂದಿರುತ್ತದೆ, ಆದರೆ ಅಷ್ಟರಲ್ಲಿ ಅವರು ಬೇರೆ ಊರಿಗೆ ಹೋಗುವ ರೈಲಿನಲ್ಲಿ ಕೂತಿರುತ್ತಾರೆ. ನನ್ನ ಬಳಗದಲ್ಲೇ ಮೂರು ಮನೆಯವರಿಗೆ ಹೀಗಾಗಿದೆ. ಅವರೆಲ್ಲ ತಿಂಗಳುಗಟ್ಟಲೆ ಕೂತು ಲೆಕ್ಕ ಹಾಕಿ ಹೊರಟವರೇ. ತಪ್ಪಿದ್ದು ಕ್ರಮ ಮಾತ್ರ. ಬೆಟ್ಟದ ಟಿಕೆಟನ್ನು ಎಲ್ಲಕ್ಕಿಂತ ಮೊದಲು ತೆಗೆದರು, ಆಕಾಶವನ್ನು ಎಲ್ಲಕ್ಕಿಂತ ಕೊನೆಗೆ ನೋಡಿದರು.

ಪ್ಯಾಕೇಜ್ ಟೂರ್ ಬೇಡ, ನಾವೇ ರೈಲು, ಬಸ್ಸು, ಬೋಟಿನಲ್ಲಿ ಎಂಟು ಹತ್ತು ದಿನ ಸುತ್ತಿ ಬರುತ್ತೇವೆ ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ. ಹಂತಗಳನ್ನು ಇದೇ ಸಾಲಿನಲ್ಲಿ ಮಾಡಿ. ನಡುವಿನದನ್ನು ಹಾರಿಸಿ ಮುಂದಕ್ಕೆ ಹೋದರೆ ಎಲ್ಲೋ ಒಂದು ಕಡೆ ದುಡ್ಡು ಕೈ ಬಿಡುತ್ತದೆ.

ಮೊದಲೇ ಕೈಯಲ್ಲಿ ಇರಬೇಕಾದವು

ಫೋನಿನಲ್ಲಿ ಎರಡು ಆ್ಯಪ್ ಸಾಕು. ಒಂದು ಅಲ್ಲಿನ ರೈಲ್ವೆಯ ಎಸ್‌ಬಿಬಿ ಮೊಬೈಲ್. ರೈಲು, ಬಸ್ಸು, ಬೋಟು, ಕೇಬಲ್ ಕಾರು ಎಲ್ಲದರ ಸಮಯವೂ ಅದರಲ್ಲಿದೆ, ಪ್ಲಾಟ್‌ಫಾರ್ಮ್ ನಂಬರ್ ಸಮೇತ. ಇನ್ನೊಂದು ಸರ್ಕಾರಿ ಹವಾಮಾನ ಸಂಸ್ಥೆಯ ಮೀಟಿಯೋಸ್ವಿಸ್. ಇವುಗಳ ಜೊತೆಗೆ ಫೋರೆಕ್ಸ್ ಕಾರ್ಡು, ಕೈಯಲ್ಲಿ ಸ್ವಲ್ಪ ಫ್ರಾಂಕ್, ತಂಪು ಕನ್ನಡಕ, ಪದರ ಪದರವಾಗಿ ಹಾಕಬಹುದಾದ ಬೆಚ್ಚನೆ ಬಟ್ಟೆ, ಜಾರದ ಶೂ.

ಪ್ಲಗ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನಮ್ಮ ಮೊಬೈಲ್ ಚಾರ್ಜರಿನ ಸಣ್ಣ ಎರಡು ಪಿನ್ನಿನ ಪ್ಲಗ್ ಸಾಮಾನ್ಯವಾಗಿ ಅಲ್ಲಿನ ಸಾಕೆಟ್ಟಿಗೆ ಹೋಗುತ್ತದೆ. ಮೂರು ಪಿನ್ನಿನದು ಹೋಗುವುದಿಲ್ಲ. ಜರ್ಮನಿಯಲ್ಲಿ ನಡೆಯುವ ದಪ್ಪ ದುಂಡಗಿನ ಅಡಾಪ್ಟರ್ ಕೂಡ ಹೋಗುವುದಿಲ್ಲ, ಯಾಕೆಂದರೆ ಸ್ವಿಸ್ ಸಾಕೆಟ್ಟಿನ ಕುಳಿಯೇ ಕಿರಿದು. "ಯೂರೋಪ್ ಅಡಾಪ್ಟರ್" ಅಂತ ಅಂಗಡಿಯವರು ಕೊಟ್ಟದ್ದನ್ನು ತೆಗೆದುಕೊಳ್ಳಬೇಡಿ, ಸ್ವಿಟ್ಜರ್‌ಲೆಂಡಿನದೇ ಕೇಳಿ.

ಸಿಮ್ ಕೂಡ ಹಾಗೇ. ಸ್ವಿಟ್ಜರ್‌ಲೆಂಡ್ ಯುರೋಪಿಯನ್ ಒಕ್ಕೂಟದಲ್ಲಿ ಇಲ್ಲ. ಒಕ್ಕೂಟದ ದೇಶಗಳಿಗೆ ಅಂತ ಮಾರುವ ಕೆಲವು ಸಿಮ್‌ಗಳು ಗಡಿ ದಾಟಿದ ಕೂಡಲೇ ನಿಂತುಹೋಗುತ್ತವೆ, ಇಲ್ಲವೇ ಸಿಕ್ಕಾಪಟ್ಟೆ ದುಡ್ಡು ಕಡಿಯುತ್ತವೆ. ಕೊಳ್ಳುವ ಮೊದಲು ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್‌ಲೆಂಡ್ ಹೆಸರು ಇದೆಯಾ ನೋಡಿ.

ಹಂತ 1: ಮೊದಲು ತಿಂಗಳನ್ನು ಆರಿಸಿ

ನಮ್ಮಲ್ಲಿ ಮಕ್ಕಳ ಬೇಸಿಗೆ ರಜೆ ಅಂದ್ರೆ ಏಪ್ರಿಲ್, ಮೇ. ಅಲ್ಲಿ ಅದು ಅರೆಬರೆ ಕಾಲ. ಕೆಳಗೆ ಹೂವು, ಹಸಿರು ಎಲ್ಲ ಇರುತ್ತದೆ, ಆದರೆ 2,000 ಮೀಟರ್ ಆಸುಪಾಸಿನ ನಡಿಗೆ ದಾರಿಗಳ ಮೇಲೆ ಇನ್ನೂ ಹಿಮ ಕೂತಿರುತ್ತದೆ. ಚಳಿಗಾಲದ ಸ್ಕೀಯಿಂಗ್ ಮುಗಿದ ಮೇಲೆ ಹಲವು ಕೇಬಲ್ ಕಾರುಗಳನ್ನು ದುರಸ್ತಿಗೆ ನಿಲ್ಲಿಸುವುದೂ ಇದೇ ಹೊತ್ತಿನಲ್ಲಿ. ನವೆಂಬರ್‌ನಲ್ಲಿ ಇನ್ನೊಂದು ಸುತ್ತು ದುರಸ್ತಿ. ಏಪ್ರಿಲ್‌ನಲ್ಲೇ ಹೋಗಬೇಕಾಗಿ ಬಂದರೆ ನಡಿಗೆಯ ಆಸೆ ಬಿಡಿ. ಯುಂಗ್‌ಫ್ರೌಯೋಕ್‌ನಂತೆ (ಯುಂಗ್‌ಫ್ರೌ ಬೆಟ್ಟದಲ್ಲಿ ರೈಲು ಮುಟ್ಟುವ ಜಾಗ) ವರ್ಷಪೂರ್ತಿ ನಡೆಯುವ ಜಾಗಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸರೋವರ, ನಡಿಗೆ, ಬೆಟ್ಟ ಮೂರೂ ಬೇಕು ಅಂದ್ರೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಒಳ್ಳೆಯದು. ನನ್ನ ಮಟ್ಟಿಗೆ ಸೆಪ್ಟೆಂಬರ್ ಎಲ್ಲಕ್ಕಿಂತ ಚೆನ್ನ, ಜನ ಕಡಿಮೆ, ಗುಡುಗು ಮಳೆಯೂ ಕಡಿಮೆ.

ದಸರಾ ರಜೆಗೆ, ಅಂದರೆ ಅಕ್ಟೋಬರ್‌ನಲ್ಲಿ, ಹೋಗುವವರು ಒಂದು ವಿಷಯ ತಿಳಿದಿರಲಿ. ಆಗ ಜ್ಯೂರಿಕ್, ಲುಟ್ಸರ್ನ್ ಕಡೆ ಬೆಳಗ್ಗೆ ದಟ್ಟ ಮಂಜು ಕವಿದಿರುತ್ತದೆ. ಕಿಟಕಿ ತೆರೆದರೆ ಎದುರಿನ ಕಟ್ಟಡವೂ ಕಾಣದು. ಇವತ್ತು ಬೆಟ್ಟ ಬೇಡ ಅಂತ ರೂಮಿನಲ್ಲೇ ಕೂತುಬಿಡಬೇಡಿ. ಆ ಮಂಜು ಎಷ್ಟೋ ಸಲ 1,000 ಮೀಟರ್ ಎತ್ತರದ ಹೊತ್ತಿಗೇ ಮುಗಿದಿರುತ್ತದೆ. ಅದರ ಮೇಲೆ ಹೋದರೆ ಬಿಸಿಲೋ ಬಿಸಿಲು, ಕಾಲ ಕೆಳಗೆ ಹತ್ತಿ ಹಾಸಿದ ಹಾಗೆ ಮೋಡ.

ಹಂತ 2: ಎರಡೇ ಊರಲ್ಲಿ ಬಿಡಾರ ಹೂಡಿ

ಎಂಟು ದಿನಕ್ಕೆ ಐದು ಊರು, ಐದು ಹೋಟೆಲ್ ಅಂತ ಪಟ್ಟಿ ಮಾಡಿಕೊಂಡವರನ್ನು ಬಹಳ ನೋಡಿದ್ದೇನೆ. ದಿನಾ ಬೆಳಗ್ಗೆ ಸೂಟ್‌ಕೇಸ್ ಕಟ್ಟು, ಮಧ್ಯಾಹ್ನ ಇನ್ನೊಂದು ರೂಮು ಹುಡುಕು. ಇದು ಪುಟ್ಟ ದೇಶ, ರೈಲು ಬೇಗ ಮುಟ್ಟಿಸುತ್ತದೆ. ಎರಡು ಕಡೆ ಉಳಿದುಕೊಂಡು ಅಲ್ಲಿಂದಲೇ ದಿನಾ ಹೋಗಿ ಬರಬಹುದು.

ನಾನು ಹೇಳುವುದು ಹೀಗೆ. ಮೊದಲ ನಾಲ್ಕು ರಾತ್ರಿ ಇಂಟರ್‌ಲಾಕನ್ ಅಥವಾ ಅಲ್ಲಿಂದ 20 ನಿಮಿಷದ ಲೌಟರ್‌ಬ್ರುನೆನ್. ಆಮೇಲೆ ಮೂರು ಅಥವಾ ನಾಲ್ಕು ರಾತ್ರಿ ಲುಟ್ಸರ್ನ್. ಜ್ಯೂರಿಕ್ ವಿಮಾನ ನಿಲ್ದಾಣದಿಂದ ಇಂಟರ್‌ಲಾಕನ್‌ಗೆ ಸುಮಾರು ಎರಡೂವರೆ ಗಂಟೆ, ವಾಪಸ್ ಬರುವಾಗ ಲುಟ್ಸರ್ನ್‌ನಿಂದ ವಿಮಾನ ನಿಲ್ದಾಣಕ್ಕೆ ಸುಮಾರು ಒಂದು ಗಂಟೆ ಹತ್ತು ನಿಮಿಷ. ಈ ಕ್ರಮಕ್ಕೆ ಕಾರಣ ಇದೆ. ಇಂಟರ್‌ಲಾಕನ್‌ನ ನಾಲ್ಕು ದಿನವೂ ಮೋಡವೇ ಆದರೆ, ಲುಟ್ಸರ್ನ್‌ನಲ್ಲಿ ಟಿಟ್ಲಿಸ್, ಪಿಲಾಟುಸ್, ರಿಗಿ ಬೆಟ್ಟಗಳು ಇನ್ನೂ ಕೈಯಲ್ಲಿ ಇರುತ್ತವೆ. ಹಿಮ ನೋಡಲು ಎರಡು ಅವಕಾಶ ಸಿಕ್ಕ ಹಾಗಾಯಿತು.

ಊರುಗಳಿಗೆ ಅಂತ ಪೂರ್ತಿ ದಿನ ಎತ್ತಿಡಬೇಡಿ. ಬರ್ನ್, ಜ್ಯೂರಿಕ್, ಲುಟ್ಸರ್ನ್ ಪೇಟೆ ಇವೆಲ್ಲ ಮಳೆಯ ದಿನದ ಜಾಗಗಳು. ಬರ್ನ್‌ನ ಹಳೇ ಪೇಟೆಯಲ್ಲಿ ಅಂಗಡಿ ಸಾಲಿನುದ್ದಕ್ಕೂ ಮೇಲೆ ಕಮಾನಿನ ಮಾಡು ಇದೆ, ಮಳೆ ಸುರಿಯುತ್ತಿದ್ದರೂ ಕೊಡೆ ಇಲ್ಲದೆ ಕಿಲೋಮೀಟರುಗಟ್ಟಲೆ ಓಡಾಡಬಹುದು. ಇಂಟರ್‌ಲಾಕನ್‌ನಿಂದ ಅಲ್ಲಿಗೆ ಒಂದು ಗಂಟೆಯೂ ಬೇಡ. ಜ್ಯೂರಿಕ್ ಕಡೆ ಹೋದರೆ ಶಾಫ್‌ಹೌಸನ್ ಹತ್ತಿರದ ರೈನ್ ಜಲಪಾತ ನೋಡಿ, ಎತ್ತರ 23 ಮೀಟರ್, ಅಗಲ ಮಾತ್ರ 150 ಮೀಟರ್. ಮಳೆ ಬಂದರೂ ಅಲ್ಲಿ ನಷ್ಟ ಇಲ್ಲ.

ಹಂತ 3: ವೀಸಾ

ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು, ತೀರಾ ತಡ ಅಂದರೆ 15 ದಿನ ಮೊದಲು. ಆ 15 ದಿನವನ್ನು ನಂಬಿಕೊಳ್ಳಬೇಡಿ. ಬೇಸಿಗೆಯಲ್ಲಿ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಸ್ಲಾಟ್ ಸಿಗುವುದೇ ಕಷ್ಟ. ಎರಡೂವರೆ ಮೂರು ತಿಂಗಳು ಇರುವಾಗಲೇ ಶುರು ಮಾಡಿ. ದೊಡ್ಡವರಿಗೆ ಶುಲ್ಕ 90 ಯೂರೋ, 2024ರ ಜೂನ್‌ನಲ್ಲಿ ಏರಿದ್ದು. ಆರರಿಂದ ಹನ್ನೆರಡರ ಒಳಗಿನ ಮಕ್ಕಳಿಗೆ ಅರ್ಧ, ಆರರ ಒಳಗಿನವರಿಗೆ ಇಲ್ಲ. ಕೇಂದ್ರದ ಸೇವಾ ಶುಲ್ಕ ಬೇರೆ.

ಸ್ವಿಟ್ಜರ್‌ಲೆಂಡ್ ಜೊತೆಗೆ ಪ್ಯಾರಿಸ್ ಕೂಡ ನೋಡುತ್ತೀರಾ? ಹಾಗಿದ್ದರೆ ಜಾಸ್ತಿ ದಿನ ಎಲ್ಲಿ ಇರುತ್ತೀರೋ ಆ ದೇಶದ ವೀಸಾಕ್ಕೇ ಅರ್ಜಿ ಹಾಕಬೇಕು. ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶ. ಸ್ಲಾಟ್ ಬೇಗ ಸಿಗುತ್ತದೆ ಅಂತ ಬೇರೆ ದೇಶಕ್ಕೆ ಹಾಕಿ ಕೈ ಸುಟ್ಟುಕೊಂಡವರಿದ್ದಾರೆ.

ತಿರಸ್ಕಾರ ಆಗುವುದು ಹೆಚ್ಚಾಗಿ ಸಣ್ಣ ಸಣ್ಣ ಹೊಂದಾಣಿಕೆ ತಪ್ಪಿದಾಗ. ಪ್ರಯಾಣದ ಪಟ್ಟಿಯಲ್ಲಿ ಒಂದು ದಿನಾಂಕ, ಹೋಟೆಲ್ ಬುಕಿಂಗ್‌ನಲ್ಲಿ ಇನ್ನೊಂದು. ಒಂದು ರಾತ್ರಿಗೆ ಎಲ್ಲೂ ರೂಮೇ ಇಲ್ಲ. ಇನ್ಶೂರೆನ್ಸ್ ಮುಗಿಯುವುದು ವಾಪಸ್ ಹೊರಡುವ ಹಿಂದಿನ ದಿನಕ್ಕೆ. ಅಥವಾ ಬ್ಯಾಂಕ್ ಖಾತೆಗೆ ಅರ್ಜಿಗೆ ಎರಡು ವಾರ ಮೊದಲು ದೊಡ್ಡ ಮೊತ್ತ ಬಂದು ಬಿದ್ದಿದೆ, ಎಲ್ಲಿಂದ ಅಂತ ಹೇಳುವ ಕಾಗದ ಇಲ್ಲ. ಎಲ್ಲ ಕಾಗದವನ್ನೂ ಊಟದ ಮೇಜಿನ ಮೇಲೆ ಹರಡಿ, ಪ್ರತಿ ರಾತ್ರಿಯನ್ನೂ ಬೆರಳು ಮಡಚಿ ಎಣಿಸಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋದ್ದು ಇರಬೇಕು. ಪಾಸ್‌ಪೋರ್ಟ್ ಹತ್ತು ವರ್ಷದ ಒಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ಹೊರಟ ಮೇಲೂ ಮೂರು ತಿಂಗಳು ಬಾಳಬೇಕು, ಎರಡು ಪುಟ ಖಾಲಿ ಇರಬೇಕು.

ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ಹೋಟೆಲ್, ರದ್ದು ಮಾಡಬಹುದಾದ ವಿಮಾನ ಮಾತ್ರ. ಇದರಲ್ಲಿ ರಾಜಿ ಬೇಡ.

ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ವಿಮಾನ ಬದಲಿಸುವವರು ಗಮನಿಸಿ. ಷೆಂಗೆನ್ ಒಳಗೆ ಕಾಲಿಟ್ಟ ಮೊದಲ ಜಾಗದಲ್ಲೇ ಪಾಸ್‌ಪೋರ್ಟ್ ತಪಾಸಣೆ ನಡೆಯುತ್ತದೆ. ಜೊತೆಗೆ ಈಗ ಬೆರಳಚ್ಚು, ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆಯೂ ಬಂದಿದೆ. ಎರಡು ವಿಮಾನಗಳ ನಡುವೆ ಒಂದೇ ಗಂಟೆ ಇಟ್ಟುಕೊಂಡರೆ ಸಾಲಿನಲ್ಲಿ ನಿಂತು ಗಡಿಯಾರ ನೋಡುವುದೇ ಕೆಲಸವಾಗುತ್ತದೆ. ಎರಡೂವರೆ ಗಂಟೆಯಾದರೂ ಇರಲಿ.

ಹಂತ 4: ಪಾಸಿನ ಲೆಕ್ಕ ಹಾಕಿ

ಜಾಸ್ತಿ ದುಡ್ಡು ಹೋಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನಮಗೆ ಮುಖ್ಯವಾದ ಪಾಸುಗಳು ಮೂರು. ಸ್ವಿಸ್ ಟ್ರಾವೆಲ್ ಪಾಸ್ 3, 4, 6, 8 ಅಥವಾ 15 ದಿನ ಬಿಡದೆ ನಡೆಯುತ್ತದೆ. ರೈಲು, ಬಸ್ಸು, ಬೋಟು, ಊರೊಳಗಿನ ಟ್ರಾಮ್, ಸುಮಾರು 500 ಮ್ಯೂಸಿಯಂ ಎಲ್ಲ ಸೇರಿದೆ. ಸ್ವಿಸ್ ಹಾಫ್ ಫೇರ್ ಕಾರ್ಡ್ ಒಂದು ತಿಂಗಳು ನಡೆಯುತ್ತದೆ, ಬಹುಪಾಲು ಎಲ್ಲ ಟಿಕೆಟ್ಟಿಗೂ ಅರ್ಧ ಬೆಲೆ. ಮೂರನೆಯದು ಸೇವರ್ ಡೇ ಪಾಸ್, ಒಂದು ದಿನದ್ದು. ಇದನ್ನು ಎಷ್ಟು ಮೊದಲು ಕೊಂಡರೆ ಅಷ್ಟು ಅಗ್ಗ.

"ಟ್ರಾವೆಲ್ ಪಾಸ್ ಇದ್ರೆ ಎಲ್ಲಾ ಫ್ರೀ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ರಿಗಿ, ಸ್ಟಾನ್ಸರ್‌ಹಾರ್ನ್, ಸ್ಟೂಸ್ ಬೆಟ್ಟಗಳು ಪೂರ್ತಿ ಸೇರಿವೆ. ಟಿಟ್ಲಿಸ್, ಪಿಲಾಟುಸ್, ಗೋರ್ನರ್‌ಗ್ರಾಟ್‌ಗೆ ಅರ್ಧ ರಿಯಾಯಿತಿ. ಯುಂಗ್‌ಫ್ರೌಯೋಕ್‌ಗೆ ಗ್ರಿಂಡಲ್‌ವಾಲ್ಡ್ ಅಥವಾ ವೆಂಗನ್‌ನಿಂದ ಮುಂದಕ್ಕೆ ಬರೀ ಶೇ. 25. ಅದೇ ಜಾಗಕ್ಕೆ ಹಾಫ್ ಫೇರ್ ಕಾರ್ಡ್ ಇದ್ದರೆ ಶೇ. 50 ಕಡಿಮೆ! ದುಬಾರಿ ಬೆಟ್ಟಗಳು ಜಾಸ್ತಿ, ಊರೂರು ಓಡಾಟ ಕಡಿಮೆ ಅನ್ನುವವರಿಗೆ ಹಾಫ್ ಫೇರ್ ಕಾರ್ಡೇ ಲಾಭ. ದಿನಾ ದೂರದ ರೈಲು, ಬೋಟು, ಟ್ರಾಮ್ ಅನ್ನುವವರಿಗೆ ಟ್ರಾವೆಲ್ ಪಾಸ್.

ಲೆಕ್ಕ ಹಾಕುವುದು ಹೀಗೆ. ಒಂದು ಹಾಳೆಯಲ್ಲಿ ದಿನಕ್ಕೊಂದು ಸಾಲಿನಂತೆ ಆ ದಿನದ ಪ್ರಯಾಣ ಬರೆಯಿರಿ. ಎಸ್‌ಬಿಬಿ ಆ್ಯಪ್‌ನಲ್ಲಿ ಪ್ರತಿಯೊಂದರ ಬೆಲೆ ನೋಡಿ ಬರೆದುಕೊಳ್ಳಿ. ಇಲ್ಲೇ ಒಂದು ಎಡವುವ ಜಾಗ ಇದೆ. ಹಾಫ್ ಫೇರ್ ಕಾರ್ಡ್ ಇದೆ ಎಂದುಕೊಂಡು ಅರ್ಧ ಬೆಲೆಯನ್ನೇ ತೋರಿಸುವುದು ಎಸ್‌ಬಿಬಿಯ ರೂಢಿ. ಅದನ್ನು ಗಮನಿಸದೆ ಕೂಡಿಸಿದವರಿಗೆ ಪಾಸೇ ಬೇಡ, ಬಿಡಿ ಟಿಕೆಟ್ಟೇ ಅಗ್ಗ ಅನ್ನಿಸಿಬಿಡುತ್ತದೆ. ಅಲ್ಲಿ ಹೋದ ಮೇಲೆ ಪೂರ್ತಿ ಬೆಲೆ ನೋಡಿ ತಲೆ ಮೇಲೆ ಕೈ. ಪ್ರಯಾಣಿಕರ ವಿವರಕ್ಕೆ ಹೋಗಿ "ರಿಯಾಯಿತಿ ಇಲ್ಲ" ಅಂತ ಬದಲಿಸಿ, ಆಮೇಲೆ ಕೂಡಿಸಿ. ಒಂದು ಮೊತ್ತ ಪೂರ್ತಿ ಬೆಲೆಯದು. ಎರಡನೆಯದು ಅದರರ್ಧಕ್ಕೆ ಹಾಫ್ ಫೇರ್ ಕಾರ್ಡಿನ ಬೆಲೆ ಸೇರಿಸಿದ್ದು. ಮೂರನೆಯದು ಟ್ರಾವೆಲ್ ಪಾಸ್ ಬೆಲೆಗೆ ಬೆಟ್ಟಗಳ ಉಳಿದ ಖರ್ಚು ಸೇರಿಸಿದ್ದು. ಕಡಿಮೆ ಯಾವುದೋ ಅದನ್ನು ಕೊಳ್ಳಿ.

ಮಕ್ಕಳಿದ್ದರೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಲು ಮರೆಯಬೇಡಿ. ಅದಕ್ಕೆ ದುಡ್ಡಿಲ್ಲ. ಅಪ್ಪ ಅಥವಾ ಅಮ್ಮನ ಹತ್ತಿರ ಪಾಸ್ ಇದ್ದು, ಜೊತೆಯಲ್ಲೇ ಪ್ರಯಾಣ ಮಾಡಿದರೆ, 6 ತುಂಬಿದ, 16 ತುಂಬದ ಮಕ್ಕಳು ಪುಕ್ಕಟೆ. 6ರ ಒಳಗಿನವರಿಗೆ ಹೇಗೂ ಟಿಕೆಟ್ ಬೇಡ.

ಹೋಟೆಲ್‌ನಲ್ಲಿ ಕೊಡುವ ಅತಿಥಿ ಕಾರ್ಡನ್ನೂ ಕೇಳಿ ಪಡೆಯಿರಿ. ಇಂಟರ್‌ಲಾಕನ್, ಲುಟ್ಸರ್ನ್, ಬರ್ನ್, ಬಾಸೆಲ್, ಜಿನೀವಾ ಇಂಥ ಕಡೆಗಳಲ್ಲಿ ಅದರಿಂದ ಊರೊಳಗಿನ ಬಸ್ಸು, ಟ್ರಾಮ್ ಪುಕ್ಕಟೆ ಸಿಗುತ್ತದೆ. ದಕ್ಷಿಣದ ಟಿಚಿನೋದಲ್ಲಿ ಉಳಿದರೆ ಆ ಇಡೀ ಪ್ರಾಂತ್ಯದಲ್ಲೇ ಓಡಾಡಬಹುದು.

ಹಂತ 5: ಲಗೇಜು ಮತ್ತು ಊಟದ ತಯಾರಿ

ಒಬ್ಬರಿಗೆ ಒಂದೇ ಸೂಟ್‌ಕೇಸ್, ತಾನೇ ಎತ್ತಬಲ್ಲಷ್ಟು ಭಾರ. ರೈಲು ಬದಲಿಸಲು ಎಷ್ಟೋ ಕಡೆ ಐದಾರು ನಿಮಿಷ ಮಾತ್ರ ಇರುತ್ತದೆ, ಆ ಹೊತ್ತಿನಲ್ಲಿ ಮೆಟ್ಟಿಲು ಇಳಿದು ಹತ್ತಬೇಕು. ಕೂಲಿಗಳು ಸಿಗುವುದಿಲ್ಲ.

ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಪ್ಯಾಕೆಟ್, ಪುಳಿಯೋಗರೆ ಗೊಜ್ಜು ಧಾರಾಳವಾಗಿ ಒಯ್ಯಿರಿ. ತುಪ್ಪ, ಪೇಡ, ಮೈಸೂರು ಪಾಕ್ ಬೇಡ, ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಹೊರಗಿನ ದೇಶದಿಂದ ತರುವ ಹಾಗಿಲ್ಲ. ಕರಿಬೇವಿನ ಸೊಪ್ಪು, ಮಾವಿನಹಣ್ಣೂ ಬೇಡ. ಹಸಿ ಸೊಪ್ಪು, ಹಣ್ಣಿಗೆ ಸಸ್ಯರೋಗ ತಪಾಸಣೆಯ ಪ್ರಮಾಣಪತ್ರ ಕೇಳುತ್ತಾರೆ.

ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿದರೆ ಖರ್ಚು ಗಣನೀಯವಾಗಿ ಇಳಿಯುತ್ತದೆ. ಮಿಗ್ರೋಸ್, ಕೋಪ್ ಅಂಗಡಿಗಳಲ್ಲಿ ಅಕ್ಕಿ, ಮೊಸರು, ತರಕಾರಿ ಎಲ್ಲ ಸಿಗುತ್ತದೆ. ಆದರೆ ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತವೆ, ಶನಿವಾರ ಸಂಜೆ ಬೇಗ ಮುಚ್ಚುತ್ತವೆ. ಆಗಸ್ಟ್ 1 ರಾಷ್ಟ್ರೀಯ ದಿನ, ಅವತ್ತೂ ರಜೆ. ಮರೆತುಹೋದರೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಗೆ ಹೋಗಿ, ಅವು ಭಾನುವಾರವೂ ತೆರೆದಿರುತ್ತವೆ.

ನೀರಿನ ಬಾಟಲಿ ಕೊಳ್ಳಬೇಡಿ. ಬೀದಿಯ ಕಾರಂಜಿ ತೊಟ್ಟಿಗಳ ನೀರು ಕುಡಿಯಬಹುದು. "ಕೈನ್ ಟ್ರಿಂಕ್‌ವಾಸರ್" ಅಂತ ಫಲಕ ಇದ್ದರೆ ಮಾತ್ರ ಕುಡಿಯಬಾರದು ಅಂತ ಅರ್ಥ. ಮೊದಲ ಪದವನ್ನು ಬಿಟ್ಟು ಎರಡನೆಯದನ್ನಷ್ಟೇ ಓದಿ ಕುಡಿಯುವ ನೀರು ಅಂದುಕೊಳ್ಳುವವರಿದ್ದಾರೆ.

ಕಾರ್ಡ್ ಉಜ್ಜುವಾಗ ಯಂತ್ರ "ರೂಪಾಯಿಯಲ್ಲಿ ಕೊಡ್ತೀರಾ, ಫ್ರಾಂಕ್‌ನಲ್ಲಾ" ಅಂತ ಕೇಳಿದರೆ ಫ್ರಾಂಕ್ ಒತ್ತಿ. ರೂಪಾಯಿ ಒತ್ತಿದರೆ ವಿನಿಮಯ ದರದಲ್ಲಿ ನಷ್ಟ.

ಹಂತ 6: ಸರಿಯಾದ ರೈಲಿನ ಸರಿಯಾದ ಬೋಗಿ

ಸರಿಯಾದ ರೈಲು ಹತ್ತಿದರೂ ತಪ್ಪು ಊರಿಗೆ ಹೋಗಬಹುದು. ನಾವು ಮೊದಲ ಸಲ ಹೋದಾಗ ಇಂಟರ್‌ಲಾಕನ್ ಓಸ್ಟ್ (ಪೂರ್ವ) ನಿಲ್ದಾಣದಲ್ಲಿ ಲೌಟರ್‌ಬ್ರುನೆನ್ ರೈಲು ಹತ್ತಿದೆವು. ಕಿಟಕಿ ಪಕ್ಕ ಜಾಗ ಸಿಕ್ಕಿತು ಅಂತ ಮಕ್ಕಳಿಗೆ ಖುಷಿ. ಸ್ವೈಲ್ಯುಟ್ಶಿನನ್ ಅನ್ನುವ ಪುಟ್ಟ ನಿಲ್ದಾಣದಲ್ಲಿ ರೈಲು ಎರಡು ತುಂಡಾಯಿತು. ಒಂದು ತುಂಡು ಲೌಟರ್‌ಬ್ರುನೆನ್ ಕಡೆ, ನಾವಿದ್ದ ತುಂಡು ಗ್ರಿಂಡಲ್‌ವಾಲ್ಡ್ ಕಡೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಬೋಗಿಯ ಫಲಕದ ಕಡೆ ಬೆರಳು ತೋರಿಸಿದ ಮೇಲೇ ನಮಗೆ ಗೊತ್ತಾದದ್ದು. ಮುಂದಿನ ನಿಲ್ದಾಣದಲ್ಲಿ ಇಳಿದು, ವಾಪಸ್ ಬಂದು, ಮತ್ತೆ ಹತ್ತುವಷ್ಟರಲ್ಲಿ ಒಂದು ಗಂಟೆ ಹೋಯಿತು.

ಹಾಗಾಗಿ ಹತ್ತುವ ಮೊದಲು ಮೂರು ನೋಡಿ. ಪ್ಲಾಟ್‌ಫಾರ್ಮ್ ನಂಬರ್. ಮೇಲೆ ತೂಗುವ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ನಿಮ್ಮ ಬೋಗಿ ನಿಲ್ಲುವುದು ಯಾವುದರ ಕೆಳಗೆ. ಬೋಗಿಯ ಮೇಲೇ ಬರೆದ ಊರ ಹೆಸರು. ಬೋಗಿಯ ಪಕ್ಕದ 1 ಅಥವಾ 2 ಅನ್ನುವ ದೊಡ್ಡ ಅಂಕಿ ದರ್ಜೆಯದು. ಎರಡನೇ ದರ್ಜೆಯ ಪಾಸಿನಲ್ಲಿ ಒಂದರಲ್ಲಿ ಕೂತರೆ, ಇಲ್ಲವೇ ಟಿಕೆಟ್ಟೇ ಇಲ್ಲದಿದ್ದರೆ, ದಂಡ ಬೀಳುತ್ತದೆ. ಪಾಸ್‌ಪೋರ್ಟ್ ಜೊತೆಗೇ ಇರಲಿ, ಪಾಸಿನ ಜೊತೆ ಅದನ್ನೂ ಕೇಳಬಹುದು.

ಅಗ್ಗಕ್ಕೆ ಸಿಗುವ ಸೂಪರ್‌ಸೇವರ್ ಟಿಕೆಟ್ ಬರೆದಿರುವ ಅದೇ ರೈಲಿಗೆ ಮಾತ್ರ. ಮುಂದಿನ ರೈಲಿಗೆ ನಡೆಯುವುದಿಲ್ಲ.

ಇಂಟರ್‌ಲಾಕನ್‌ನಿಂದ ಲುಟ್ಸರ್ನ್‌ಗೆ ಹೋಗುವ ರೈಲು ಬ್ರ್ಯೂನಿಗ್ ಘಟ್ಟ ಹತ್ತಿ ಇಳಿಯುತ್ತದೆ, ಹತ್ತಿರ ಹತ್ತಿರ ಎರಡು ಗಂಟೆ. ಕೂರುವ ಕಡೆ ಇಲ್ಲಿ ಮುಖ್ಯ. ಇಂಟರ್‌ಲಾಕನ್‌ನಿಂದ ಹೊರಟಾಗ ಬಲಗಡೆ ಕೂತರೆ ಬ್ರಿಯೆನ್ಸ್ ಸರೋವರ ಕಿಟಕಿಗೆ ತಾಗಿದ ಹಾಗೆ ಬರುತ್ತದೆ. ಮೈರಿಂಗನ್‌ನಲ್ಲಿ ರೈಲು ಹಿಂದುಮುಂದಾಗಿ ಹೊರಡುತ್ತದೆ. ಆಗ ಎದ್ದು ಇನ್ನೊಂದು ಬದಿಗೆ ಹೋಗಬೇಡಿ. ಅದೇ ಕಿಟಕಿಯಲ್ಲೇ ಮುಂದೆ ಲುಂಗರ್ನ್, ಸಾರ್ನನ್ ಸರೋವರಗಳೂ ಕಾಣುತ್ತವೆ.

ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್ ಅನ್ನುವ ಪ್ರವಾಸಿ ರೈಲುಗಳಿಗೆ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೊಟ್ಟು ಕಾಯ್ದಿರಿಸಲೇಬೇಕು. ಬರ್ನಿನಾ ಹಳಿಯ ಮೇಲೆ ಸಾಮಾನ್ಯ ರೈಲುಗಳೂ ಓಡುತ್ತವೆ, ಅದೇ ನೋಟ, ಕಾಯ್ದಿರಿಸುವ ರಗಳೆ ಇಲ್ಲ. ನಾನಂತೂ ಅದರಲ್ಲೇ ಹೋಗಿ ಅಂತ ಹೇಳುತ್ತೇನೆ.

ಹಂತ 7: ಬೆಟ್ಟದ ದಿನ

ಹಿಂದಿನ ಸಂಜೆ ಮೀಟಿಯೋಸ್ವಿಸ್ ನೋಡಿ, ಆದರೆ ಕೆಳಗಿನ ಊರಿನದಲ್ಲ, ಬೆಟ್ಟದ್ದು. ಇಂಟರ್‌ಲಾಕನ್‌ನಲ್ಲಿ ಬಿಸಿಲು ಅಂದರೆ ಮೇಲೂ ಬಿಸಿಲು ಅಂತಲ್ಲ. ಬೆಳಗ್ಗೆ ಎದ್ದ ಕೂಡಲೇ, ಕಾಫಿಗೂ ಮೊದಲು, ಆ ಬೆಟ್ಟದ ವೆಬ್‌ಕ್ಯಾಮ್ ತೆರೆಯಿರಿ. ಎಲ್ಲ ದೊಡ್ಡ ಬೆಟ್ಟಕ್ಕೂ ಇದೆ. ತುದಿ ಕಾಣುತ್ತಿದ್ದರೆ ಟಿಕೆಟ್ ತೆಗೆದು ಹೊರಡಿ. ಬರೀ ಬಿಳಿ ಪರದೆ ಕಂಡರೆ ಬೇರೆ ದಿನದ ಕೆಲಸವನ್ನು ಇವತ್ತಿಗೆ ತನ್ನಿ. ಬೇಸಿಗೆಯಲ್ಲಿ ಯುಂಗ್‌ಫ್ರೌಯೋಕ್ ರೈಲಿಗೆ ಸೀಟು ಕಾಯ್ದಿರಿಸಬೇಕಾಗಿ ಬಂದರೆ, ಹಿಂದಿನ ಸಂಜೆ ಮುನ್ಸೂಚನೆ ನೋಡಿಕೊಂಡು ಮಾಡಿ, ಬೆಂಗಳೂರಿನಲ್ಲಿ ಕೂತು ಎರಡು ತಿಂಗಳ ಮೊದಲು ಅಲ್ಲ.

ಆದಷ್ಟು ಬೇಗ ಹೊರಡಿ. ಬೇಸಿಗೆಯಲ್ಲಿ ಬೆಳಗ್ಗೆ ನಿಚ್ಚಳ ಇರುವ ಆಕಾಶಕ್ಕೆ ಮಧ್ಯಾಹ್ನದ ಹೊತ್ತಿಗೆ ಮೋಡ ಏರುತ್ತದೆ.

ಯುಂಗ್‌ಫ್ರೌಯೋಕ್‌ಗೆ ಬೇಗ ಮುಟ್ಟುವ ದಾರಿ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರು, 2020ರ ಡಿಸೆಂಬರ್‌ನಲ್ಲಿ ಶುರುವಾದದ್ದು. ಅದಕ್ಕೆ ಇಳಿಯಬೇಕಾದ್ದು ಗ್ರಿಂಡಲ್‌ವಾಲ್ಡ್ ಟರ್ಮಿನಲ್‌ನಲ್ಲಿ, ಗ್ರಿಂಡಲ್‌ವಾಲ್ಡ್‌ಗಿಂತ ಒಂದು ನಿಲ್ದಾಣ ಮೊದಲು. ಹೆಸರು ಒಂದೇ ಥರ ಇರುವುದರಿಂದ ತುಂಬಾ ಜನ ಮುಂದೆ ಹೋಗಿಬಿಡುತ್ತಾರೆ. ಅಲ್ಲಿಂದ 15 ನಿಮಿಷಕ್ಕೆ ಐಗರ್‌ಗ್ಲೆಚರ್, ಆಮೇಲೆ ಸುರಂಗದೊಳಗೆ ಹಲ್ಲುಹಳಿಯ ರೈಲು.

ಎತ್ತರವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಯುಂಗ್‌ಫ್ರೌಯೋಕ್ 3,454 ಮೀಟರ್. 570 ಮೀಟರಿನ ಇಂಟರ್‌ಲಾಕನ್‌ನಿಂದ ಎರಡು ಗಂಟೆಯೊಳಗೆ ಅಲ್ಲಿರುತ್ತೀರಿ, ಮೈಗೆ ಹೊಂದಿಕೊಳ್ಳಲು ಸಮಯವೇ ಸಿಗುವುದಿಲ್ಲ. ರೈಲಿನಿಂದ ಇಳಿದ ಕೂಡಲೇ ಫೋಟೋಗೆ ಓಡಬೇಡಿ. ನಿಧಾನ ನಡೆಯಿರಿ, ನೀರು ಕುಡಿಯಿರಿ. ತಲೆನೋವು, ಹೊಟ್ಟೆ ತೊಳಸುವುದು, ತಲೆ ಸುತ್ತು, ಇವು ಎಚ್ಚರಿಕೆಯ ಗುರುತುಗಳು. ನನ್ನ ಅಮ್ಮ ಮೇಲೆ ಹೋಗಿ ಅರ್ಧ ಗಂಟೆಗೆ ಹಣೆ ಒತ್ತಿಕೊಂಡು ಬೆಂಚಿನ ಮೇಲೆ ಕೂತರು. "ಏನಿಲ್ಲ, ನೀವು ನೋಡ್ಕೊಂಡ್ ಬನ್ನಿ" ಅಂದರು. ನಾವು ಬಿಡಲಿಲ್ಲ, ಮುಂದಿನ ರೈಲಿಗೇ ಕೆಳಗೆ ಕರೆದುಕೊಂಡು ಬಂದೆವು. 2,320 ಮೀಟರಿನ ಐಗರ್‌ಗ್ಲೆಚರ್ ಮುಟ್ಟಿ ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು, ಚಹಾ ಬೇಕು ಅಂದರು. ಇದಕ್ಕೆ ಮದ್ದು ಇಳಿಯುವುದೇ. ಹೃದಯದ, ಉಸಿರಾಟದ ತೊಂದರೆ ಇರುವವರು, ಬಸುರಿಯರು, ಕೈಗೂಸು ಇರುವವರು ಊರಲ್ಲೇ ಡಾಕ್ಟರನ್ನು ಕೇಳಿ ಹೊರಡಬೇಕು.

ಅಷ್ಟು ಎತ್ತರ ಬೇಡ ಅನ್ನುವ ಹಿರಿಯರಿಗೆ ರಿಗಿ ಚೆನ್ನ. 1,798 ಮೀಟರ್. ಲುಟ್ಸರ್ನ್‌ನಿಂದ ಬೋಟಿನಲ್ಲಿ ಸುಮಾರು ಒಂದು ಗಂಟೆ ವಿಟ್ಸ್‌ನೌಗೆ, ಅಲ್ಲಿಂದ ಕೆಂಪು ಹಲ್ಲುಹಳಿಯ ರೈಲು. ಇಳಿಯುವಾಗ ಕಾಲ್ಟ್‌ಬಾಡ್‌ನಿಂದ ಕೇಬಲ್ ಕಾರಿನಲ್ಲಿ ವೆಗ್ಗಿಸ್‌ಗೆ ಬಂದು ಮತ್ತೆ ಬೋಟು. ಟ್ರಾವೆಲ್ ಪಾಸ್ ಇದ್ದರೆ ಒಂದು ಫ್ರಾಂಕೂ ಜಾಸ್ತಿ ಇಲ್ಲ.

ಹಂತ 8: ಸರೋವರದ ದಿನ

ಸರೋವರ ಅಂದ್ರೆ ಬೋಟಿನಲ್ಲಿ ಹೋಗಿ ಬೋಟಿನಲ್ಲೇ ಬರಬೇಕು ಅಂತ ಇಲ್ಲ. ಒಂದು ಕಡೆ ಬೋಟು, ಇನ್ನೊಂದು ಕಡೆ ರೈಲು ಇಟ್ಟುಕೊಳ್ಳಿ. ಇಂಟರ್‌ಲಾಕನ್‌ನಲ್ಲಿ ಎರಡು ನಿಲ್ದಾಣ, ಎರಡು ಬೋಟ್‌ಕಟ್ಟೆ. ಬ್ರಿಯೆನ್ಸ್ ಸರೋವರಕ್ಕೆ ಓಸ್ಟ್, ಅಂದರೆ ಪೂರ್ವ. ತೂನ್ ಸರೋವರಕ್ಕೆ ವೆಸ್ಟ್. ಅದಲುಬದಲಾದರೆ ಬೋಟು ಕೈತಪ್ಪುತ್ತದೆ.

ಓಸ್ಟ್‌ನಿಂದ ಬ್ರಿಯೆನ್ಸ್‌ಗೆ ಬೋಟಿನಲ್ಲಿ ಸುಮಾರು ಒಂದೂಕಾಲು ಗಂಟೆ. ನಡುವೆ ಗೀಸ್‌ಬಾಕ್‌ನಲ್ಲಿ ಇಳಿದರೆ ಜಲಪಾತ. ಆ ನೀರಿನ ತಿಳಿನೀಲಿ ಬಣ್ಣ ಕ್ಯಾಮೆರಾದ ಚಮತ್ಕಾರ ಅಲ್ಲ. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತದೆ, ಆ ಪುಡಿ ನೀರಿನಲ್ಲಿ ತೇಲುತ್ತಿರುತ್ತದೆ. ಹಿಮ ಕರಗುವ ಬೇಸಿಗೆಯಲ್ಲಿ ಬಣ್ಣ ಜಾಸ್ತಿ ಗಾಢ.

ಬೋಟಿನ ಮೇಲಿನ ಅಂತಸ್ತು ಸಾಮಾನ್ಯವಾಗಿ ಮೊದಲ ದರ್ಜೆಯವರದು. ಎರಡನೇ ದರ್ಜೆಯ ಪಾಸಿನವರು ಕೆಳಗೇ ಇರಬೇಕು. ಮುಂಭಾಗದಲ್ಲಿ ಬಯಲಿನಲ್ಲಿ ನಿಂತರೆ ನೋಟಕ್ಕೆ ಏನೂ ಕೊರತೆ ಇಲ್ಲ.

ಒಂದೇ ಒಂದು ಸರೋವರ ನೋಡಲು ಸಮಯ ಇದೆ ಅಂದ್ರೆ ಊಶಿನನ್ ನೋಡಿ. ಸ್ಪೀಟ್ಸ್ ಮೂಲಕ ಕಾಂಡರ್‌ಸ್ಟೆಗ್, ಅಲ್ಲಿಂದ ಕೇಬಲ್ ಕಾರು, ಆಮೇಲೆ ಅರ್ಧ ಗಂಟೆ ನಡಿಗೆ. 1,578 ಮೀಟರ್ ಎತ್ತರದಲ್ಲಿ ಮೂರು ಕಡೆ ಕಡಿದಾದ ಬಂಡೆ, ನಡುವೆ ನೀರು. ಮೇ ತಿಂಗಳಲ್ಲಿ ಹೋದವರಿಗೆ ನೀರಿನ ಬದಲು ಮಂಜುಗಡ್ಡೆಯೇ ಸಿಗಬಹುದು, ಕೇಬಲ್ ಕಾರು ನಡೆಯುತ್ತಿದೆಯಾ ನೋಡಿಕೊಂಡು ಹೊರಡಿ.

ನೀರಿಗೆ ಇಳಿಯುವ ಮುಂಚೆ ಎರಡು ಮಾತು. ಸರೋವರದ ನೀರು ಬಿಸಿಲಿನಲ್ಲೂ ತೀರಾ ತಣ್ಣಗಿರುತ್ತದೆ, ದಿಢೀರನೆ ಹಾರಿದರೆ ಉಸಿರು ಹಿಡಿಯುತ್ತದೆ. ಬರ್ನ್‌ನಲ್ಲಿ ಊರವರು ಆರೆ ನದಿಯಲ್ಲಿ ತೇಲಿಕೊಂಡು ಹೋಗುವುದನ್ನು ನೋಡಿ ನೀವೂ ಇಳಿಯಬೇಡಿ. ಆ ಸೆಳವು ಅವರಿಗೆ ಚಿಕ್ಕಂದಿನಿಂದ ಗೊತ್ತು, ಎಲ್ಲಿ ದಡ ಹಿಡಿಯಬೇಕು ಅನ್ನುವುದೂ ಗೊತ್ತು.

ಹಂತ 9: ಕಾಲ್ನಡಿಗೆ

ಹಳದಿ ಫಲಕದ ದಾರಿ ಎಲ್ಲರಿಗೂ ಆಗುತ್ತದೆ. ಬಿಳಿ-ಕೆಂಪು-ಬಿಳಿ ಪಟ್ಟಿ ಇದ್ದರೆ ಅದು ಬೆಟ್ಟದ ದಾರಿ, ಗಟ್ಟಿ ಶೂ ಬೇಕು, ಎತ್ತರದ ಭಯ ಇರಬಾರದು. ಬಿಳಿ-ನೀಲಿ-ಬಿಳಿ ಕಂಡರೆ ಹಿಂದಕ್ಕೆ ಬನ್ನಿ, ಅದು ಪಳಗಿದವರ ದಾರಿ. ಫಲಕದ ಮೇಲಿನ ಸಮಯದಲ್ಲಿ ನಿಂತು ಉಸಿರಾಡುವುದು ಸೇರಿಲ್ಲ, ಮಕ್ಕಳಿದ್ದರೆ ಒಂದೂವರೆ ಪಟ್ಟು ಇಟ್ಟುಕೊಳ್ಳಿ. ಕೊನೆಯ ಕೇಬಲ್ ಕಾರು ಎಷ್ಟಕ್ಕೆ ಅಂತ ಹತ್ತುವಾಗಲೇ ಫಲಕದ ಫೋಟೋ ತೆಗೆದಿಟ್ಟುಕೊಳ್ಳಿ.

ಹುಲ್ಲುಗಾವಲಿನಲ್ಲಿ ಹಸು ಕಂಡರೆ ಹತ್ತಿರ ಹೋಗಿ ಗಂಗೆದೊಗಲು ಸವರುವುದು ನಮಗೆ ರೂಢಿ. ಅಲ್ಲಿ ಬೇಡ. ಕರು ಜೊತೆಗಿರುವ ಹಸು ಅಟ್ಟಿಸಿಕೊಂಡು ಬರುತ್ತದೆ, ಜನರಿಗೆ ಏಟಾದದ್ದೂ ಉಂಟು. ದೂರದಿಂದ ಸುತ್ತುಹಾಕಿ, ಬೇಲಿಯ ಬಾಗಿಲು ತೆರೆದರೆ ಮತ್ತೆ ಮುಚ್ಚಿ, ತಂತಿ ಮುಟ್ಟಬೇಡಿ, ಅದರಲ್ಲಿ ಕರೆಂಟ್ ಇರುತ್ತದೆ.

ಫೋನಿನಲ್ಲಿ ನಾಲ್ಕು ನಂಬರ್ ಬರೆದಿಟ್ಟುಕೊಳ್ಳಿ. ಯಾವುದೇ ತುರ್ತಿಗೆ 112, ಪೊಲೀಸ್ 117, ಆಂಬುಲೆನ್ಸ್ 144, ಬೆಟ್ಟದಲ್ಲಿ ಹೆಲಿಕಾಪ್ಟರ್ ನೆರವಿಗೆ 1414. ಆ ಹೆಲಿಕಾಪ್ಟರಿನ ಖರ್ಚು ನಿಮ್ಮ ಇನ್ಶೂರೆನ್ಸ್‌ನಲ್ಲಿ ಸೇರಿದೆಯಾ ಅಂತ ಊರಲ್ಲೇ ಓದಿ ನೋಡಿ.

ಹಂತ 10: ವಾಪಸ್ ಹೊರಡುವ ದಿನ

ವಿಮಾನದ ದಿನ ಬೆಟ್ಟ ಇಟ್ಟುಕೊಳ್ಳಬೇಡಿ, ಗಾಳಿ ಜೋರಾದರೆ ಕೇಬಲ್ ಕಾರು ನಿಲ್ಲಿಸುತ್ತಾರೆ, ನೀವು ಮೇಲೆ ಸಿಕ್ಕಿಕೊಳ್ಳುತ್ತೀರಿ. ಲುಟ್ಸರ್ನ್ ನಿಲ್ದಾಣದ ಲಾಕರ್‌ನಲ್ಲಿ ಸೂಟ್‌ಕೇಸ್ ಇಟ್ಟು, ಪಕ್ಕದಲ್ಲೇ ಇರುವ ಮರದ ಸೇತುವೆ ದಾಟಿ ಹಳೇ ಪೇಟೆ ಸುತ್ತಿ ಬನ್ನಿ.

ಒಂದೇ ಅಂಗಡಿಯಲ್ಲಿ 300 ಫ್ರಾಂಕ್‌ಗಿಂತ ಜಾಸ್ತಿ ಕೊಂಡಿದ್ದರೆ, ಅದು ವಾಚೋ ಚಾಕೊಲೇಟೋ ಏನೇ ಇರಲಿ, ತೆರಿಗೆ ವಾಪಸ್ ಕೇಳಬಹುದು. ಫಾರ್ಮನ್ನು ಅಂಗಡಿಯಲ್ಲೇ ಕೇಳಿ ಪಡೆಯಬೇಕು. ವಿಮಾನ ನಿಲ್ದಾಣದಲ್ಲಿ ಸುಂಕದವರ ಮುದ್ರೆ ಹಾಕಿಸುವಾಗ ಸಾಮಾನು ತೋರಿಸಿ ಅಂತ ಕೇಳಬಹುದು. ಸೂಟ್‌ಕೇಸನ್ನು ಚೆಕ್-ಇನ್‌ಗೆ ಕೊಟ್ಟ ಮೇಲೆ ನೆನಪಾದರೆ ಪ್ರಯೋಜನ ಇಲ್ಲ, ಮೊದಲು ಮುದ್ರೆ, ಆಮೇಲೆ ಲಗೇಜು.